ಪಂಚರ ನ್ಯಾಯವೂ ವಕೀಲರ ಆಯ್ಕೆಯೂ

ಗದಗಿನ ಸಮೀಪದ ಕಣಗಿನಹಾಳವೆಂಬ ಗ್ರಾಮದ ಹೆಸರನ್ನು ಕೇಳದವರು ನಮ್ಮ ಸೀಮೆಯಲ್ಲಿ ವಿರಳ. ೧೯೦೪ರಲ್ಲಿ ಪತ್ತಿನ ಸಹಕಾರಿ ಸಂಘಗಳ ಕಾಯಿದೆಯು ಹೊರಟ ಮರುವರ್ಷವೇ, ಅಂದರೆ ೧೯೦೫ರಲ್ಲಿ, ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಕೃಷಿಕರ ಪತ್ತಿನ ಸಹಕಾರಿ ಸಂಘವು ಸ್ಥಾಪಿತವಾಯಿತು. ಭಾರತದೇಶದಲ್ಲಿ ಒಕ್ಕಲುತನದವರ ಸಹಕಾರಕ್ಕೆ ಇದೇ ಮೊದಲ ಮನೆಯೆಂದು ಎಣಿಸುವರು.

ಈ ಸಂಗತಿಯನ್ನು ಸಹಕಾರದ ಚರಿತ್ರೆಗಾಗಿ ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಇಲ್ಲಿ ಅದನ್ನು ನೆನೆಯುವುದು ಬೇರೊಂದು ಕಾರಣದಿಂದ. ಹತ್ತು ಜನರು ತಮ್ಮ ದುಡಿಮೆಯ ಹಣವನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಬಳಿಕ ಅಲ್ಲಿ ವಿಶ್ವಾಸವು ಬೆಳೆಯುವಂತೆಯೇ ತಕರಾರೂ ಹುಟ್ಟುವುದು ಸಹಜವಷ್ಟೆ. ಸಾಲ ಯಾರದು, ಬಡ್ಡಿ ಎಷ್ಟು, ಜಾಮೀನು ನಿಂತವನ ಹೊಣೆ ಎಲ್ಲಿಯವರೆಗೆ, ಎಂಬ ಮಾತುಗಳು ಬಂದೇ ಬರುವುವು. ಸಹಕಾರದ ಕಾನೂನನ್ನು ರಚಿಸಿದವರು ಇದನ್ನು ಮುಂಗಂಡಿದ್ದರು. ಸಂಘದ ವ್ಯವಹಾರದಲ್ಲಿ ಸದಸ್ಯರೊಳಗೆ ಉಂಟಾಗುವ ತಕರಾರು ರಿಜಿಸ್ಟ್ರಾರರ ಮುಂದೆ, ಇಲ್ಲವೆ ಅವರ ಆಜ್ಞೆಯಂತೆ ಪಂಚರ ಮುಂದೆ ತೀರಬೇಕೆಂಬ ನಿಯಮಕ್ಕೆ ೧೯೧೨ರ ಕಾಯಿದೆಯಲ್ಲಿಯೇ ಅವಕಾಶವಿತ್ತು. ಗದಗ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ್ದಾಗ ನಡೆದ ೧೯೨೫ರ ಕಾಯಿದೆಯಲ್ಲಿಯೂ ಈ ಏರ್ಪಾಡು ಉಳಿಯಿತು. ಈಗಿನ ೧೯೫೯ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ ೭೦ನೆಯ ಕಲಮಿನಲ್ಲಿಯೂ ಉಂಟು. ಕೂಡಿ ಬಾಳಹೊರಟವರು ಜಗಳವು ಹುಟ್ಟುವ ಮೊದಲೇ ಅದನ್ನು ತೀರಿಸುವ ದಾರಿಯನ್ನು ಗೊತ್ತುಮಾಡಿಕೊಳ್ಳತಕ್ಕದ್ದೆಂಬ ನೀತಿಯು ಇದರಿಂದ ತಿಳಿಯುವುದು. ಸಂಘಕ್ಕೆ ಯಾವುದು ಸಲ್ಲುವುದೋ ಅದು ಮನೆತನಕ್ಕೂ ಪಾಲುಗಾರಿಕೆಗೂ ಸಲ್ಲುವುದು.

ಹಿಂದಿನವರು ಕಂಡ ದಾರಿ

ಪಂಚರ ನ್ಯಾಯವು ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಕುಲ, ಶ್ರೇಣಿ, ಪೂಗಗಳೆಂಬ ಮೂರು ನ್ಯಾಯಸಭೆಗಳನ್ನು ಹೇಳಿದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಆದುದರಿಂದ ನಮ್ಮ ಕರ್ನಾಟಕದವನೇ. ಬಂಧುಗಳ ಸಭೆಯು ಕುಲ. ಒಂದೇ ಕಸುಬಿನಿಂದ ಬಾಳುವ ನೇಕಾರರು, ಎಲೆಯ ವ್ಯಾಪಾರಿಗಳು ಮೊದಲಾದವರ ಕೂಟವು ಶ್ರೇಣಿ. ಜಾತಿಯೂ ಕಸುಬೂ ಬೇರೆಬೇರೆಯಾದರೂ ಒಂದೇ ಊರಿನಲ್ಲಿ ವಾಸಿಸುವವರ ಸಮೂಹವು ಪೂಗ. ಕುಲದಲ್ಲಿ ಸಮಾಧಾನವಾಗದವನು ಶ್ರೇಣಿಗೆ, ಅಲ್ಲಿಯೂ ಆಗದಿದ್ದರೆ ಪೂಗಕ್ಕೆ, ಕಡೆಗೆ ಅರಸನ ಸಭೆಗೆ ಹೋಗಬಹುದಾಗಿತ್ತು. ಇಲ್ಲಿ ಗಮನಿಸತಕ್ಕ ಮಾತು ಒಂದುಂಟು. ಹತ್ತಿರದವರ ತೀರ್ಮಾನವೇ ಕೊನೆಯದೆಂದು ಶಾಸ್ತ್ರಕಾರರು ಹೇಳಲಿಲ್ಲ. ಬಂಧುಗಳಿಗೆ ಸಂಗತಿಯು ಚೆನ್ನಾಗಿ ಗೊತ್ತಿರುವುದಾದರೂ ಅವರಿಗೆ ಪಕ್ಷಪಾತವೂ ಸುಲಭವಾಗಿ ಬರುವುದೆಂಬುದನ್ನು ಅವರು ಅರಿತಿದ್ದರು.

ಸಂಧಾನಕ್ಕೂ ಪಂಚನ ನಿರ್ಣಯಕ್ಕೂ ಇರುವ ಭೇದವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಹಾಡಿದ ಭಾರತದ ಕಥೆಯಲ್ಲಿಯೇ ಅದಿದೆ. ಶ್ರೀಕೃಷ್ಣನು ಹಸ್ತಿನಾಪುರಕ್ಕೆ ಹೋದದ್ದು ಸಂಧಿಯನ್ನು ಮಾಡಿಸುವುದಕ್ಕಾಗಿ. ಅವನ ಮಾತನ್ನು ಕೇಳುವುದು ಬಿಡುವುದು ದುರ್ಯೋಧನನ ಇಚ್ಛೆಗೆ ಸೇರಿತ್ತು, ಅವನು ಕೇಳಲಿಲ್ಲ. ಸಂಧಾನಕಾರನ ಶಕ್ತಿಯು ಅಷ್ಟೇ. ಪಂಚನಾದರೋ ಹಾಗಲ್ಲ. ಇಬ್ಬರೂ ‘ನೀವು ಹೇಳಿದಂತೆ ಆಗಲಿ’ ಎಂದು ಮೊದಲೇ ಒಪ್ಪಿ ಬರೆದುಕೊಟ್ಟ ಮೇಲೆ ಅವನ ತೀರ್ಪು ಇಬ್ಬರನ್ನೂ ಕಟ್ಟುವುದು. ವಕೀಲರು ಆರ್ಬಿಟ್ರೇಶನ್ ಎನ್ನುವುದು ಇದನ್ನೇ. ಕನ್ನಡದಲ್ಲಿ ಮಧ್ಯಸ್ಥಿಕೆಯೆಂಬ ಒಂದೇ ಶಬ್ದವನ್ನು ಎರಡು ಅರ್ಥಗಳಲ್ಲಿಯೂ ಬಳಸುವ ರೂಢಿಯಿರುವುದರಿಂದ, ಯಾರಾದರೂ ‘ಮಧ್ಯಸ್ಥಿಕೆಗೆ ಹೋಗೋಣ’ ಎಂದಲ್ಲಿ, ಸಮಾಧಾನ ಹೇಳಿಸಿಕೊಳ್ಳುವುದಕ್ಕೋ ತೀರ್ಪು ಪಡೆಯುವುದಕ್ಕೋ ಎಂದು ಮೊದಲು ಕೇಳಿ ತಿಳಿಯತಕ್ಕದ್ದು. ಈ ಲೇಖನದಲ್ಲಿ ತೀರ್ಪು ಕೊಡುವವನನ್ನು ಪಂಚನೆಂದೇ ಕರೆಯುವೆನು.

ನನ್ನದೊಂದು ತಪ್ಪು

ವಾಚಕ ಮಹಾಶಯರೇ, ಈ ವಿಷಯವನ್ನು ಕುರಿತು ಬರೆಯುವ ಅಧಿಕಾರವು ನನಗೆ ಬಂದಿರುವುದು ಪಾಂಡಿತ್ಯದಿಂದಲ್ಲ, ಒಂದು ತಪ್ಪಿನಿಂದ. ಹದಿನೈದು ವರ್ಷಗಳ ಹಿಂದೆ, ನಾನು ಮಾಸ್ತರನಾಗಿದ್ದ ಊರಿನಲ್ಲಿ, ಅಣ್ಣತಮ್ಮಂದಿರಿಬ್ಬರ ನಡುವೆ ಎಂಟು ಎಕರೆ ಎರೆಯ ಹೊಲ ಮತ್ತು ಒಂದು ಬಾವಿಯ ವಿಷಯವಾಗಿ ಕಲಹವುಂಟಾಯಿತು. ಇಬ್ಬರೂ ನನ್ನ ಶಾಲೆಯಲ್ಲಿ ಮಕ್ಕಳನ್ನು ಓದಿಸಿದವರು. ಊರ ಹಿರಿಯರು ನಾಲ್ವರು ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವುದೆಂದು ಗೊತ್ತಾಯಿತು. ಆ ನಾಲ್ವರಲ್ಲಿ ನಾನೊಬ್ಬನು.

ಕೂಡುವ ಹಿಂದಿನ ದಿನ ಸಂಜೆ ಅಣ್ಣನು ನನ್ನನ್ನು ಮನೆಗೆ ಕರೆದನು. ನಾನು ಹೋದೆನು. ಅವನು ತನ್ನ ಕಷ್ಟವನ್ನೆಲ್ಲ ಹೇಳಿಕೊಂಡನು. ಅವನ ಮನೆಯಲ್ಲಿಯೇ ನಾನು ಊಟಮಾಡಿದೆನು. ಮನಸ್ಸಿನಲ್ಲಿ ಕಪಟವಿರಲಿಲ್ಲ, ಕರೆದವರ ಮನೆಗೆ ಹೋಗುವುದು ಸೌಜನ್ಯವೆಂದು ಮಾತ್ರ ತಿಳಿದಿದ್ದೆನು. ಮರುದಿನ ನಾವು ಪಾಲು ಹೇಳಿದೆವು. ಬಾವಿಯ ವಿಷಯದಲ್ಲಿ ಇಬ್ಬರು ಒಂದು ಕಡೆಗೂ ಇಬ್ಬರು ಇನ್ನೊಂದು ಕಡೆಗೂ ಆದುದರಿಂದ ಅದನ್ನು ‘ಮುಂದೆ ನೋಡೋಣ’ ಎಂದು ಬಿಟ್ಟೆವು. ಕಾಗದದ ಮೇಲೆ ಏನನ್ನೂ ಬರೆಯಲಿಲ್ಲ. ಮೂರನೆಯ ದಿನ ತಮ್ಮನು ಬಂದು, “ಸರ, ನೀವು ಅವರ ಮನಿಯೊಳಗ ಉಂಡು ಬಂದು ನ್ಯಾಯ ಹೇಳಿದ್ರಿ” ಎಂದನು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅವನು ನ್ಯಾಯಾಲಯಕ್ಕೆ ಹೋದನು. ಅಲ್ಲಿ ಅವರ ಅಕ್ಕನೂ ತನ್ನ ಪಾಲನ್ನು ಕೇಳಿ ಹಾಜರಾದಳು. ಕೊಟ್ಟ ಮನೆಯಲ್ಲಿದ್ದ ಅವಳನ್ನು ಕಟ್ಟೆಗೆ ಕರೆಯಬೇಕೆಂಬುದು ನಮ್ಮ ನಾಲ್ವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ! ಮೊಕದ್ದಮೆಯು ವರ್ಷಗಟ್ಟಲೆ ನಡೆಯಿತು. ಅದು ಮುಗಿಯುವುದರೊಳಗೆ ಅಣ್ಣನು ತೀರಿಕೊಂಡನು. ತಮ್ಮನು ಅವನ ಮಣ್ಣಿಗೆ ಬಂದವನು ಹತ್ತಿರ ಬಾರದೆ ಬೇಲಿಯ ಬಳಿಯಲ್ಲಿಯೇ ನಿಂತಿದ್ದುದನ್ನು ನಾನು ಕಣ್ಣಾರೆ ಕಂಡೆನು.

ಕಾನೂನು ಏನು ಕೇಳುವುದು

ಬಳಿಕ ಒಬ್ಬ ವಕೀಲರು ನನಗೆ ನಮ್ಮ ಪಂಚಾಯತಿಯ ದೋಷಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ೧೯೪೦ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಈಗ ೧೯೯೬ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯಿದೆಯು ನಡೆಯುತ್ತದೆ. ಅದಕ್ಕೆ ೨೦೧೫, ೨೦೧೯, ೨೦೨೧ರಲ್ಲಿ ತಿದ್ದುಪಡಿಗಳಾಗಿವೆ. ಅದು ಕೇಳುವ ಮುಖ್ಯ ಸಂಗತಿಗಳು ಇವು:

ಮೊದಲನೆಯದು, ಒಪ್ಪಂದವು ಬರಹದಲ್ಲಿರಬೇಕು. ಪಾಲುಗಾರಿಕೆಯ ಪತ್ರದಲ್ಲಿ ಒಂದು ಕಲಮಾಗಿ ಇರಬಹುದು, ಬೇರೆ ಪತ್ರವಾಗಿರಬಹುದು, ಪರಸ್ಪರ ಬರೆದ ಕಾಗದಗಳಲ್ಲಿಯೂ ಇರಬಹುದು. ಬಾಯಿಮಾತು ಮಾತ್ರ ಸಾಲದು. ಎರಡನೆಯದು, ಪಂಚರ ಸಂಖ್ಯೆಯು ಬೆಸವಾಗಿರಬೇಕು: ಒಬ್ಬರು ಅಥವಾ ಮೂವರು. ನಾಲ್ವರು ಕೂತರೆ ನಮ್ಮ ಬಾವಿಯ ಗತಿಯೇ ಆದೀತು. ಮೂರನೆಯದು, ಪಂಚನಾಗಿ ನೇಮಕವಾಗುವವನು ತನಗೆ ಒಂದು ಪಕ್ಷದವರೊಡನೆ ಬಂಧುತ್ವವೋ ವ್ಯವಹಾರವೋ ಹಿಂದಿನ ವಕೀಲಿಯೋ ಇದ್ದಲ್ಲಿ ಅದನ್ನು ಮೊದಲೇ ಬರಹದಲ್ಲಿ ತಿಳಿಸತಕ್ಕದ್ದು. ನಾಲ್ಕನೆಯದು, ಇಬ್ಬರನ್ನೂ ಸಮಾನವಾಗಿ ಕಂಡು ಇಬ್ಬರಿಗೂ ಪೂರ್ಣವಾಗಿ ಹೇಳಿಕೊಳ್ಳಲು ಅವಕಾಶವನ್ನು ಕೊಡತಕ್ಕದ್ದು. ಒಬ್ಬನ ಮಾತನ್ನು ಇನ್ನೊಬ್ಬನ ಬೆನ್ನ ಹಿಂದೆ ಕೇಳಲಾಗದು. ಐದನೆಯದು, ತೀರ್ಪನ್ನು ಬರೆದು, ಕಾರಣಗಳನ್ನು ಕಾಣಿಸಿ, ಸಹಿ ಮಾಡತಕ್ಕದ್ದು. ಕಾನೂನಿನ ಕನ್ನಡದಲ್ಲಿ ಇದಕ್ಕೆ ಐತೀರ್ಪೆಂದು ಹೆಸರು.

ಹೀಗೆ ಕ್ರಮಬದ್ಧವಾದ ಐತೀರ್ಪು ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿಯಾಗುವುದು. ಸೋತವನು ಅದನ್ನು ರದ್ದುಪಡಿಸಬೇಕೆಂದು ನ್ಯಾಯಾಲಯವನ್ನು ಬೇಡಬಹುದು. ಆದರೆ ಐತೀರ್ಪು ಕೈಸೇರಿದ ಮೂರು ತಿಂಗಳೊಳಗೆ ಬೇಡತಕ್ಕದ್ದು. ತಕ್ಕ ಕಾರಣವನ್ನು ತೋರಿಸಿದಲ್ಲಿ ಇನ್ನು ಮೂವತ್ತು ದಿನಗಳ ಅವಕಾಶವುಂಟು, ಅದರಾಚೆಗಿಲ್ಲ. ಆಗಲೂ ನ್ಯಾಯಾಲಯವು ಸಾಕ್ಷ್ಯವನ್ನೆಲ್ಲ ಮತ್ತೆ ತೂಗುವುದಿಲ್ಲ. ನೋಟೀಸು ಕೊಡದಿರುವುದು, ಅಧಿಕಾರವನ್ನು ಮೀರಿರುವುದು ಮುಂತಾದ ಕೆಲವೇ ದೋಷಗಳನ್ನು ನೋಡುವುದು. ಆದುದರಿಂದ ಪಂಚನನ್ನು ಒಪ್ಪುವುದೆಂದರೆ ಅಪೀಲಿನ ದಾರಿಯನ್ನು ಬಹುಮಟ್ಟಿಗೆ ಕೈಬಿಡುವುದೆಂದೇ ತಿಳಿಯಬೇಕು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡವನು ಪಂಚನ ಆಯ್ಕೆಯಲ್ಲಿ ಅವಸರಪಡನು.

ಸಹಿಮಾಡದವರನ್ನು ತೀರ್ಪು ಸಾಮಾನ್ಯವಾಗಿ ಕಟ್ಟುವುದಿಲ್ಲ. ೨೦೦೫ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಹುಟ್ಟಿನಿಂದಲೇ ಉಂಟು. ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ಇದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಿದೆ. ಅಕ್ಕತಂಗಿಯರನ್ನು ಬಿಟ್ಟು ಅಣ್ಣತಮ್ಮಂದಿರು ಮಾತ್ರ ಮಾಡಿಕೊಂಡ ಪಾಲು ಮರಳಿನ ಮೇಲಿನ ಗೋಡೆಯಂತೆ. ಮನೆಯಲ್ಲಿ ವಯಸ್ಸಿಗೆ ಬಾರದ ಮಕ್ಕಳ ಪಾಲಿದ್ದಲ್ಲಿ ವಕೀಲರ ಸಲಹೆಯಿಲ್ಲದೆ ಹೆಜ್ಜೆಯಿಡಬಾರದು. ಹೊಲಮನೆಗಳನ್ನು ಹಂಚುವ ಐತೀರ್ಪಿಗೆ ಮುದ್ರಾಂಕವೂ ನೋಂದಣಿಯೂ ಬೇಕೆಂಬುದನ್ನು ಮರೆಯಬಾರದು.

ಎಲ್ಲ ಕಲಹಗಳೂ ಪಂಚರ ಮುಂದೆ ಬರತಕ್ಕವುಗಳಲ್ಲ. ಹಣಕಾಸು, ಪಾಲುಗಾರಿಕೆ, ಮನೆ ಕಟ್ಟಿಸುವ ಗುತ್ತಿಗೆ, ಹೊಲದ ಪಾಲು, ಬದುವಿನ ತಕರಾರು, ಇವು ಬರಬಹುದು. ಅಪರಾಧದ ವಿಚಾರ, ವಿವಾಹವಿಚ್ಛೇದನ, ಮಕ್ಕಳ ಪಾಲನೆಯ ಹಕ್ಕು, ದಿವಾಳಿ, ಮರಣಪತ್ರದ ಸತ್ಯಾಸತ್ಯತೆ, ಇವು ನ್ಯಾಯಾಲಯಕ್ಕೇ ಸೇರಿದವು. ದಂಡ ಹಾಕುವುದು, ಬಹಿಷ್ಕಾರ ಹಾಕುವುದು ಪಂಚರ ಕೆಲಸವಲ್ಲ. ಹಾಗೆ ಮಾಡುವವರು ತಾವೇ ಕಾನೂನಿಗೆ ಗುರಿಯಾಗುವರು.

ಎಂಥ ವಕೀಲರನ್ನು ಹುಡುಕಬೇಕು

ಇಲ್ಲಿ ವಕೀಲರ ಪಾತ್ರವು ಎರಡು ಬಗೆಯದು. ಒಂದು, ಇಬ್ಬರಿಗೂ ಪಂಚರಾಗಿ ಕೂಡುವುದು. ಇನ್ನೊಂದು, ಒಬ್ಬರ ಪರವಾಗಿ ನಿಂತು ಪಂಚರ ಮುಂದೆ ವಾದಿಸುವುದು. ಒಬ್ಬರೇ ಎರಡನ್ನೂ ಮಾಡಲಾರರು. ‘ನಮ್ಮ ಮನೆಯ ವಕೀಲರೇ ಪಂಚರಾಗಲಿ’ ಎನ್ನುವುದು ನಾನು ಮಾಡಿದ ಊಟಕ್ಕಿಂತ ದೊಡ್ಡ ತಪ್ಪು.

ಪಂಚನು ವಕೀಲನೇ ಆಗಿರಬೇಕೆಂಬ ನಿರ್ಬಂಧವಿಲ್ಲ. ಗೋಡೆ ಬಿರಿದ ತಕರಾರಿಗೆ ಅನುಭವಿಯಾದ ಇಂಜಿನಿಯರರೂ, ಅಡತಿಯ ಲೆಕ್ಕಕ್ಕೆ ಪ್ರಾಮಾಣಿಕನಾದ ವ್ಯಾಪಾರಿಯೂ ಒಳ್ಳೆಯ ಪಂಚರಾದಾರು. ಆದರೆ ಹಕ್ಕು, ವಾರಸುದಾರಿಕೆ, ದಸ್ತಾವೇಜುಗಳ ಅರ್ಥ, ಇವು ಕೂಡಿದಲ್ಲಿ ಅನುಭವಿಯಾದ ವಕೀಲರೋ ನಿವೃತ್ತ ನ್ಯಾಯಾಧೀಶರೋ ಉತ್ತಮರು. ಏಕೆಂದರೆ ನ್ಯಾಯವಾದ ತೀರ್ಪೂ ಬರೆಯುವ ಕ್ರಮವು ತಪ್ಪಿದರೆ ಬಿದ್ದುಹೋದೀತು.

ಇಂಥವರನ್ನು ಹುಡುಕುವ ಬಗೆ ಹೇಗೆ? ಗಿರಾಕಿಗಳನ್ನು ಕರೆಯುವ ಜಾಹೀರಾತು ವಕೀಲರಿಗೆ ಅವರ ಪರಿಷತ್ತಿನ ನಿಯಮದಿಂದಲೇ ನಿಷಿದ್ಧ. ದೊಡ್ಡ ಫಲಕವನ್ನು ಕಂಡು ಮರುಳಾಗದೆ, ಜಿಲ್ಲಾ ನ್ಯಾಯಾಲಯದ ವಕೀಲರ ಸಂಘದಲ್ಲಿಯೂ, ಈ ಮೊದಲು ಇಂಥ ತೀರ್ಪು ಪಡೆದ ವ್ಯಾಪಾರಿಗಳಲ್ಲಿಯೂ ವಿಚಾರಿಸತಕ್ಕದ್ದು. ಗೆದ್ದವನನ್ನಷ್ಟೇ ಕೇಳಬೇಡಿರಿ, ಸೋತವನನ್ನೂ ಕೇಳಿರಿ. ‘ಸೋತೆ, ಆದರೆ ನನ್ನ ಮಾತನ್ನು ಪೂರ್ತಿ ಕೇಳಿದರು’ ಎಂದು ಸೋತವನು ಹೇಳಿದರೆ ಆ ಪಂಚರು ಯೋಗ್ಯರೆಂದು ತಿಳಿಯಿರಿ. ಬೆಂಗಳೂರಿನಲ್ಲಿ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಮಧ್ಯಸ್ಥಿಕೆಯ ತೀರ್ಪಿಗಾಗಿಯೇ ಒಂದು ಕೇಂದ್ರವಿದೆ. ದೊಡ್ಡ ವ್ಯವಹಾರದವರಿಗೆ ಅದು ಅನುಕೂಲ. ಒಪ್ಪಂದವಿದ್ದೂ ಪಂಚನ ಹೆಸರಿನಲ್ಲಿ ಒಮ್ಮತವಾಗದಿದ್ದರೆ ಉಚ್ಚ ನ್ಯಾಯಾಲಯವನ್ನು ಬೇಡಬಹುದು. ೨೦೦೮ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠವು ಬಂದು ೨೦೧೩ರಲ್ಲಿ ಅದು ಸ್ಥಾಯಿಯಾದ ಮೇಲೆ ನಮ್ಮ ಕಡೆಯವರಿಗೆ ಇದಕ್ಕಾಗಿ ಬೆಂಗಳೂರಿನವರೆಗೆ ಹೋಗುವ ಶ್ರಮವು ತಪ್ಪಿದೆ.

ವಕೀಲರ ಮುಂದೆ ಕೂತಾಗ ಸಂಕೋಚವಿಲ್ಲದೆ ಕೇಳತಕ್ಕ ಪ್ರಶ್ನೆಗಳು ಕೆಲವುಂಟು. ಎದುರು ಪಕ್ಷದವರೊಡನೆ ತಮಗೇನಾದರೂ ಸಂಬಂಧವಿದೆಯೆ? ಇಂಥ ವಿಚಾರಣೆಗಳನ್ನು ಮೊದಲು ನಡೆಸಿದ್ದೀರಾ? ಎಷ್ಟು ಕಾಲ ಬೇಕಾದೀತು? ಖರ್ಚೆಷ್ಟು? ಕಾಲಕ್ಕೆ ಕಾನೂನೇ ಮಿತಿಯನ್ನು ಹೇಳಿದೆ: ಇಬ್ಬರ ಬರವಣಿಗೆಯ ಹೇಳಿಕೆಗಳು ಮುಗಿದ ಬಳಿಕ ಹನ್ನೆರಡು ತಿಂಗಳು, ಇಬ್ಬರೂ ಒಪ್ಪಿದರೆ ಇನ್ನಾರು ತಿಂಗಳು, ಅದರಾಚೆಗೆ ನ್ಯಾಯಾಲಯದ ಅಪ್ಪಣೆ ಬೇಕು. ಪಂಚರ ಫೀಯನ್ನು ಮೊದಲೇ ಬರಹದಲ್ಲಿ ಗೊತ್ತುಮಾಡತಕ್ಕದ್ದು. ಕಾಯಿದೆಯ ನಾಲ್ಕನೆಯ ಅನುಸೂಚಿಯಲ್ಲಿರುವ ಮಾದರಿಯಂತೆ ೫ ಲಕ್ಷ ರೂಪಾಯಿಗಳವರೆಗಿನ ತಕರಾರಿಗೆ ೪೫,೦೦೦ ರೂಪಾಯಿ. ಪಂಚರು ಒಬ್ಬರೇ ಇದ್ದಲ್ಲಿ ಅದರ ಮೇಲೆ ಕಾಲು ಭಾಗ ಹೆಚ್ಚು. ಇದು ಮಾದರಿಯೇ ಹೊರತು ಎಲ್ಲರಿಗೂ ಕಡ್ಡಾಯವಲ್ಲ. ಗೆದ್ದ ಆಸ್ತಿಯಲ್ಲಿ ಇಂತಿಷ್ಟು ಪಾಲು ಕೊಡಬೇಕೆಂದು ವಾದಿಸುವ ವಕೀಲರು ಕೇಳಿದರೆ ಎದ್ದು ಬನ್ನಿರಿ. ಫಲವನ್ನು ನಂಬಿ ಫೀ ಗೊತ್ತುಮಾಡುವುದು ಅವರ ನಿಯಮಕ್ಕೆ ವಿರುದ್ಧ.

ಸಣ್ಣ ಮೊತ್ತದ ತಕರಾರಿಗೆ ಈ ಖರ್ಚು ಹೊಂದದೆಂಬುದು ಸ್ಪಷ್ಟ. ಅಂಥವರಿಗೆ ೧೯೮೭ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ನಡೆಯುವ ಲೋಕ ಅದಾಲತ್ತು ಉಂಟು. ಅಲ್ಲಿ ಫೀ ಇಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ. ತೀರ್ಮಾನವಾದ ಮೇಲೆ ಅಪೀಲಿಲ್ಲ. ನ್ಯಾಯಾಲಯಕ್ಕೆ ಕಟ್ಟಿದ ಶುಲ್ಕವೂ ಮರಳುವುದು. ಸ್ತ್ರೀಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯವನ್ನು ನೋಡದೆಯೇ ಉಚಿತವಾಗಿ ವಕೀಲರನ್ನು ಕೊಡುವರು. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿಯನ್ನು ಬರೆದುಕೊಟ್ಟರೆ ಸಾಕು.

ಇನ್ನೊಂದು ಎಚ್ಚರಿಕೆ. ವಾಹನಕ್ಕಾಗಿ ಸಾಲ ತರುವಾಗ ಸಹಿಮಾಡುವ ಪತ್ರದಲ್ಲಿ, ತಕರಾರು ಬಂದರೆ ಸಾಲ ಕೊಟ್ಟವರೇ ಪಂಚನನ್ನು ನೇಮಿಸುವರೆಂಬ ಕಲಮು ಎಷ್ಟೋ ಸಲ ಅಡಗಿರುವುದು. ಫಲದಲ್ಲಿ ಸ್ವಾರ್ಥವುಳ್ಳವನು ತಾನೊಬ್ಬನೇ ಏಕಮಾತ್ರ ಪಂಚನನ್ನು ನೇಮಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರಲ್ಲಿ ತೀರ್ಮಾನಿಸಿದೆ. ಅಂಥ ನೋಟೀಸು ಬಂದರೆ ಅದನ್ನು ಮಾಡದಲ್ಲಿಡದೆ ಕೂಡಲೇ ವಕೀಲರಿಗೆ ತೋರಿಸತಕ್ಕದ್ದು. ಹಾಗೆಯೇ, ‘ಮಾತುಕತೆ ನಡೆದಿದೆ’ ಎಂದು ಕಾಲಹರಣ ಮಾಡುವುದೂ ಅಪಾಯಕರ. ಸಾಲದ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ. ಪಂಚರ ವಿಚಾರಣೆಗೂ ಅದು ಸಲ್ಲುವುದು. ಎದುರಿನವನ ಕೈಗೆ ಬರಹದ ನೋಟೀಸು ಸೇರಿದ ದಿನವೇ ವಿಚಾರಣೆಯು ಪ್ರಾರಂಭವಾಯಿತೆಂದು ಲೆಕ್ಕ.

ಒಳ್ಳೆಯ ವಕೀಲನ ಲಕ್ಷಣ

೧೮೯೩ರಲ್ಲಿ ಮೋಹನದಾಸ ಗಾಂಧಿಯವರು ದಕ್ಷಿಣ ಆಫ್ರಿಕಕ್ಕೆ ಹೋದುದು ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಯ ಮೊಕದ್ದಮೆಗಾಗಿ. ಎದುರಾಳಿಯಾದ ತಯ್ಯಬ ಶೇಠನು ಅವನ ಬಂಧುವೇ. ಕೇಳಿದ ಹಣ ೪೦,೦೦೦ ಪೌಂಡು. ದಾವೆಯು ಮುಂದುವರಿದರೆ ಇಬ್ಬರೂ ಹಾಳಾಗುವರೆಂದು ಕಂಡು ಗಾಂಧಿಯವರು ಪಂಚನಿಗೆ ಒಪ್ಪಿಸುವಂತೆ ಇಬ್ಬರನ್ನೂ ಒಡಂಬಡಿಸಿದರು. ತೀರ್ಪು ದಾದಾ ಅಬ್ದುಲ್ಲಾನ ಕಡೆಗಾಯಿತು: ೩೭,೦೦೦ ಪೌಂಡು ಮತ್ತು ಖರ್ಚು. ಒಮ್ಮೆಗೇ ಅಷ್ಟು ಹಣವನ್ನು ಕೊಡಬೇಕಾಗಿದ್ದರೆ ತಯ್ಯಬ ಶೇಠನು ದಿವಾಳಿಯೆದ್ದು ಅವಮಾನದಿಂದ ಪ್ರಾಣವನ್ನೇ ಬಿಡುತ್ತಿದ್ದನೇನೋ. ಗೆದ್ದ ಪಕ್ಷದ ವಕೀಲರು ಇಲ್ಲಿಗೆ ತಮ್ಮ ಕೆಲಸವು ಮುಗಿಯಿತೆಂದು ಕೈತೊಳೆದುಕೊಳ್ಳಬಹುದಾಗಿತ್ತು. ಗಾಂಧಿಯವರು ಹಾಗೆ ಮಾಡದೆ, ಬಹುಕಾಲದ ಕಂತುಗಳಲ್ಲಿ ಹಣ ಪಡೆಯಲು ತಮ್ಮ ಕಕ್ಷಿಗಾರನನ್ನೇ ಕಷ್ಟಪಟ್ಟು ಒಪ್ಪಿಸಿದರು. ಪಂಚನಿಗೆ ಒಪ್ಪಿಸುವಂತೆ ಮಾಡುವುದಕ್ಕಿಂತ ಈ ಕಂತುಗಳಿಗೆ ಒಪ್ಪಿಸುವುದೇ ಹೆಚ್ಚು ಶ್ರಮದ್ದಾಯಿತೆಂದು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಜಗಳವು ಮುಗಿದ ಮೇಲೂ ಈ ಇಬ್ಬರು ಒಂದೇ ಬೀದಿಯಲ್ಲಿ ಬಾಳಬೇಕೆಂಬುದನ್ನು ಮರೆಯದಿರುವ ವಕೀಲನೇ ಇಂಥ ಕೆಲಸಕ್ಕೆ ತಕ್ಕವನು.

ಇನ್ನು ಗೃಹಸ್ಥರಾದ ವಾಚಕರಿಗೆ ನನ್ನ ವಿಜ್ಞಾಪನೆಯಿಷ್ಟೆ. ಪಾಲುಗಾರಿಕೆಯ ಪತ್ರವನ್ನಾಗಲಿ, ಮನೆ ಕಟ್ಟಿಸುವ ಕರಾರನ್ನಾಗಲಿ, ಅಣ್ಣತಮ್ಮ ಅಕ್ಕತಂಗಿಯರ ವಿಭಾಗಪತ್ರವನ್ನಾಗಲಿ ಬರೆಸುವಾಗ, ಎಲ್ಲರ ಮುಖದಲ್ಲಿ ನಗುವಿರುವಾಗಲೇ, ವಕೀಲರಿಗೆ ತೋರಿಸಿ ಈ ಅರ್ಥದ ಒಂದು ವಾಕ್ಯವನ್ನು ಸೇರಿಸಿರಿ: “ಈ ಪತ್ರದ ವಿಷಯವಾಗಿ ನಮ್ಮೊಳಗೆ ಉಂಟಾಗುವ ತಕರಾರನ್ನು, ನಾವೆಲ್ಲರೂ ಕೂಡಿ ಒಪ್ಪಿ ನೇಮಿಸುವ ಒಬ್ಬ ಪಂಚರ ತೀರ್ಪಿಗೆ, ೧೯೯೬ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯಿದೆಯ ಪ್ರಕಾರ ಒಪ್ಪಿಸತಕ್ಕದ್ದು. ವಿಚಾರಣೆಯ ಸ್ಥಳ ಗದಗ, ಭಾಷೆ ಕನ್ನಡ.” ಸ್ಥಳವನ್ನೂ ಭಾಷೆಯನ್ನೂ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಕಾಯಿದೆಯೇ ಕೊಟ್ಟಿದೆ. ತಾನು ಆಡುವ ಮಾತಿನಲ್ಲಿಯೇ ತನ್ನ ಕಷ್ಟವನ್ನು ಹೇಳಿಕೊಂಡು, ಅದೇ ಮಾತಿನಲ್ಲಿ ತೀರ್ಪನ್ನು ಓದಿಕೊಳ್ಳುವುದು ಒಕ್ಕಲಿಗನಿಗೆ ಸಣ್ಣ ಸೌಕರ್ಯವಲ್ಲ.

ಇನ್ನು ನಿಮ್ಮನ್ನೇ ಯಾರಾದರೂ ಪಂಚರಾಗೆಂದು ಕರೆದರೆ, ಕಟ್ಟೆಯನ್ನು ಹತ್ತುವ ಮೊದಲು ಸಂಬಂಧಪಟ್ಟವರೆಲ್ಲರೂ ಬಂದಿದ್ದಾರೆಯೇ, ಎಲ್ಲರೂ ಸಹಿ ಮಾಡಿದ್ದಾರೆಯೇ ಎಂದು ನೋಡಿಕೊಳ್ಳಿರಿ. ಹಿಂದಿನ ದಿನದ ಊಟವನ್ನು ನಿಮ್ಮ ಮನೆಯಲ್ಲಿಯೇ ಮಾಡಿರಿ.